ದಿನಕ್ಕೊಂದೇ ತೂತು
ಪುಣೆಯ ಪ್ರಯೋಗಾಲಯದ ಶಿವಕಾಂತಾಬಾಯಿಯವರಿಗೆ ಗಾಳಿ ಎಂದರೆ ವೈರಿ. ಸರ್ಪಗಂಧವೆಂಬ ಔಷಧಿ ಗಿಡದ ಚೂರುಗಳನ್ನು ಗಾಜಿನ ಬಾಟಲಿಯೊಳಗೆ ಸಸಿ ಮಾಡುವ ಕೆಲಸ ಅವರದು. ಯಾರಾದರೂ ಒಮ್ಮೆ ಸೀನಿದರೂ ಬೂಷ್ಟು ಹಿಡಿದು ಬಾಟಲಿ ಹಾಳು. ಹಾಗಾಗಿ ಡೈರೆಕ್ಟರ್ ಸಾಹೇಬರು ಕೆಮ್ಮಿದರೂ ಮರಾಠಿಯಲ್ಲಿ ವಿನಯದಿಂದಲೇ ಬಾಗಿಲು ತೋರಿಸುವವರು. ಮನೆಯಲ್ಲಿ ಉಪ್ಪಿನಕಾಯಿ ಭರಣಿ ತೆರೆಯುವಾಗಲೂ ಫ್ಯಾನು ಬಂದ್, ಮಾತು ಬಂದ್, ಗಂಡನ ಉಸಿರೂ ಅರ್ಧ ಬಂದ್. ಆದರೆ ಸಸಿ ಬಾಟಲಿಯಿಂದ ಕುಂಡಕ್ಕೆ ಬಂದಿತೆಂದರೆ ಅವರ ದನಿಯೇ ಬೇರೆ. ಒಮ್ಮೆಲೇ ಹೊರಗಾಳಿ ತಾಗಿದರೆ ಬಾಡುತ್ತದೆಂದು ಪ್ಲಾಸ್ಟಿಕ್ ಮುಸುಕು ಹಾಕಿ, ದಿನಕ್ಕೊಂದೇ ತೂತು ಮಾಡಿ, "ಇವತ್ತಿಗೆ ಇಷ್ಟ ಸಾಕವ್ವಾ" ಎಂದು ರಮಿಸುತ್ತಾರೆ. ಮಾವ ತೀರಿಕೊಂಡ ಮೇಲೆ ಗದಗದ ಕಡೆಯಿಂದ ಬಂದ ಅತ್ತೆ ಯಂಕವ್ವ, ಮರಾಠಿಗೆ ಹೆದರಿ ಮೂಲೆ ಹಿಡಿದು, ಊಟವನ್ನೂ ಅರ್ಧಕ್ಕಿಳಿಸಿದಾಗ ಶಿವಕಾಂತಾಬಾಯಿ ಒತ್ತಾಯ ಮಾಡಲಿಲ್ಲ. ಒಂದು ದಿನ ಕದ ತೆರೆದಿಟ್ಟರು. ಮರುದಿನ ಮೆಟ್ಟಿಲ ಬಳಿ ಕುರ್ಚಿ ಹಾಕಿದರು. ಆಮೇಲೆ ಎಸ್‌ಟಿಡಿ ಬೂತಿನ ಪಕ್ಕದ ಅಂಗಡಿಯಿಂದ ಕೊತ್ತಂಬರಿ ತರಲು ಕಳಿಸಿದರು. ಮೊನ್ನೆ ರವಿವಾರ ಮಾರ್ಕೆಟ್ ಯಾರ್ಡಿನಲ್ಲಿ ಯಂಕವ್ವ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಉಳ್ಳಾಗಡ್ಡಿ ವ್ಯಾಪಾರಿಯೊಂದಿಗೆ ಜಗಳಕ್ಕೇ ನಿಂತುಬಿಟ್ಟರು. ಅವ್ವನ ನೆರವಿಗೆ ಹೊರಟ ಗಂಡನ ಅಂಗಿಯನ್ನು ಶಿವಕಾಂತಾಬಾಯಿ ಹಿಂದಿನಿಂದ ಹಿಡಿದರು. "ನೀವು ಸುಮ್ಮ ನಿಂದರ್ರಿ," ಎಂದರು, "ಸ್ವಲ್ಪ ಗಾಳಿ ಆಡ್ಲಿ."