ಮುಮ್ತಾಜಳಿಗೆ ಹಿನ್ನೀರು ತೋರಿಸಲು ಹೊರಟವರು

ಮುಮ್ತಾಜಳ ಅಜ್ಜ ಪೀರಸಾಬ ಹಳೇ ಬಾಗಲಕೋಟೆಯಲ್ಲಿ ಚುರುಮುರಿ ಭಟ್ಟಿ ಹೂಡಿದವನು. ಕಾದ ಮರಳಿನಲ್ಲಿ ಅಕ್ಕಿ ಹುರಿದು ಚೀಲ ಕಟ್ಟಿ, ಬಾದಾಮಿಯವರೆಗೆ ರೈಲಿನಲ್ಲಿ ಒಯ್ದು, ಅಲ್ಲಿಂದ ಮಹಾಕೂಟಕ್ಕೆ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ. ಹೊಂಡದಲ್ಲಿ ಮುಳುಗೆದ್ದ ಭಕ್ತರು ಗುಡಿಯಿಂದ ಹೊರಬಿದ್ದು ಮೊದಲು ಹುಡುಕುತ್ತಿದ್ದದ್ದು ಅವನ ಬುಟ್ಟಿಯನ್ನೇ. ಅವನ ಮಗ ಹುಸೇನಸಾಬ, ಅಣೆಕಟ್ಟಿನ ನೀರಿಗೆ ಊರು ಮುಳುಗುವ ಕಾಲಕ್ಕೆ, ಭಟ್ಟಿಯ ಇಟ್ಟಿಗೆಗಳನ್ನು ಒಂದೂ ಒಡೆಯದಂತೆ ಬಿಡಿಸಿ ಚಕ್ಕಡಿಯಲ್ಲಿ ನವನಗರಕ್ಕೆ ಸಾಗಿಸಿದ. ಮನೆಯ ಬಾಗಿಲು, ತೊಲೆ, ಕಿಟಕಿಗಳ ನೆನಪು ಅವನಿಗೆ ಬಂದದ್ದು ಆಮೇಲೆ. ಹುಸೇನಸಾಬನ ಹೆಂಡತಿ ಅಬೇದಾ ಇನ್ನೂ ಒಂದು ಕೈ ಮೇಲು. ಓಣಿಯ ಮೂಲೆಯ ಜಾಗವೇ ಬೇಕೆಂದು ಪುನರ್ವಸತಿ ಕಚೇರಿಯ ಮೆಟ್ಟಿಲ ಮೇಲೆ ಕುಂತು, "ಕೊಡದಿದ್ರ ನಿಮ್ಮ ಅಂಗಳದಾಗ ಭಟ್ಟಿ ಹಚ್ತೇನ್ರಿ, ಹೊಗಿ ನಿಮ್ಮ ಪಾಲಿಗೆ, ಚುರುಮುರಿ ನಮ್ಮ ಪಾಲಿಗೆ" ಎಂದು ಸಾಹೇಬರಿಗೆ ಹೇಳಿ ಜಾಗ ಪಡೆದವಳು.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಮುಮ್ತಾಜ ಬಾಯಿ ಮುಚ್ಚಿಕೊಂಡಿರುವ ಹೆಂಗಸಾಗಿದ್ದರೆ ಸೋಜಿಗ ಪಡಬೇಕಿತ್ತು.

ಆಕೆ ಒಬ್ಬಳೇ ಮಗಳು. ಇಳಕಲ್ಲಿನ ನೇಕಾರರ ಮನೆಯ ಚಮನಸಾಬ ಮನೆ ಅಳಿಯನಾಗಿ ಬಂದ. ಮಗ್ಗದ ಸಪ್ಪಳ ಕೇಳಿ ಕೇಳಿ ಮಾತು ಮರೆತವನಂತೆ ಮೆತ್ತಗಿನ ಮನುಷ್ಯ. ತೂಕ ಮಾಡುವುದು, ಚೀಲ ಹೊಲಿಯುವುದು ಅವನ ಕೆಲಸ. ಬಾಣಲೆಯ ಮುಂದೆ ನಿಲ್ಲುವವಳು ಮುಮ್ತಾಜ. ಮರಳು ಎಷ್ಟು ಕಾದಿದೆ ಎಂಬುದನ್ನು ಮುಖಕ್ಕೆ ಬಡಿಯುವ ಝಳದಿಂದಲೇ ಹೇಳುತ್ತಾಳೆ. ಮಗ ಅರ್ಬಾಜ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸೊಸೆ ತಬಸುಮ ವಿದ್ಯಾಗಿರಿಯ ಒಂದು ಸಾಲೆಯಲ್ಲಿ ಟೀಚರು. ತುಂಬಿದ ಮನೆ, ತುಂಬಿದ ಗದ್ದಲ.

ಈ ಮುಮ್ತಾಜಳಿಗೆ ಸಮುದ್ರ ನೋಡುವ ಹುಚ್ಚು ಹತ್ತಿಸಿದವರು ಭಾಗೀರಥೀಬಾಯಿ. ಹಳೇ ಊರಿನಲ್ಲಿ ಇಬ್ಬರದೂ ಒಂದೇ ಗೋಡೆಯ ಮನೆ. ಬಾಯಿ ಗೋಕರ್ಣಕ್ಕೆ ಹೋಗಿಬಂದು ಭಟ್ಟಿಯ ಕಟ್ಟೆಯ ಮೇಲೆ ಕುಂತು ಹೇಳಿದರು: "ನೀರು ಬರ್ತದ ಮುಮ್ತಾಜ, ಕಾಲಿಗೆ ಬಡೀತದ, ತಿರುಗಿ ಹೋಗಿಬಿಡ್ತದ. ದಿನಾ ಹಿಂಗ."

"ತಿರುಗಿ ಹೋಗ್ತೈತಿ?" ಮುಮ್ತಾಜ ಜರಡಿ ಹಿಡಿದ ಕೈ ನಿಲ್ಲಿಸಿದಳು. "ಖರೆ?"

"ಖರೇನ. ಸುಳ್ಳ ಯಾಕ ಹೇಳ್ಲಿ?"

ಬಾಗಲಕೋಟೆಯವರಿಗೆ ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಬಂದ ನೀರು ಬಂದೇಬಿಟ್ಟಿತು. ಬೇಸಿಗೆಯಲ್ಲಿ ಒಂದಿಷ್ಟು ಸರಿದು, ಗೋಡೆಗಳ ಬುಡ ತೋರಿಸಿ ಅಣಕಿಸಿ, ಮಳೆಗಾಲಕ್ಕೆ ಮತ್ತೆ ಏರಿ ಕೂಡುತ್ತದೆ. ಬಂದ ನೀರು ಮಾನ ಮರ್ಯಾದೆಯಿಂದ ತಿರುಗಿ ಹೋಗುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ಅಂದಿನಿಂದ ಆಕೆಯ ಹಟ.

ಆದರೆ ಭಟ್ಟಿ ಬಿಟ್ಟು ಹೋಗುವುದು ಹೇಗೆ? ಒಲೆ ಆರಿದರೆ ಗಿರಾಕಿ ಬೇರೆ ಕಡೆ ಹೊರಳುತ್ತಾನೆ. ಈ ವರ್ಷ ಮಾತ್ರ ಒಲೆಯ ತಳ ಬಿರುಕು ಬಿಟ್ಟಿತು. ಗೌಂಡಿ ಲಕ್ಷ್ಮಪ್ಪ ನೋಡಿ, ದಸರೆ ಮುಗಿದ ಮೇಲೆ ಒಡೆದು ಕಟ್ಟಿ ದೀಪಾವಳಿಯ ಹಟ್ಟಿಹಬ್ಬದ ತನಕ ಒಣಗಲು ಬಿಡಬೇಕೆಂದ. ಅಷ್ಟು ದಿನ ಬೆಂಕಿಯಿಲ್ಲ. ಹೋದರೆ ಆಗಲೇ ಹೋಗಬೇಕು. ಒಮ್ಮೆ ಕಟ್ಟಿದ ಒಲೆ ಮತ್ತೆ ಯಾವಾಗ ಬಿರಿಯುತ್ತದೋ, ಅಷ್ಟರಲ್ಲಿ ಆಕೆಯ ಮೊಣಕಾಲು ಯಾವ ಗತಿಗೆ ಬರುತ್ತದೋ.

"ನೀ ಏನೂ ಚಿಂತಿ ಮಾಡಬ್ಯಾಡ ಅಮ್ಮಾ. ಎಲ್ಲಾ ನನಗ ಬಿಡು" ಎಂದ ಅರ್ಬಾಜ. ಕೆಟ್ಟದ್ದೇ ಅಲ್ಲಿ.

ಅವನ ದೋಸ್ತ ಬೀರೇಶ ಹುನಗುಂದದವನು, ಪ್ರವಾಸದ ಏರ್ಪಾಡು ಮಾಡಿಕೊಡುವವನು. ಕೊಚ್ಚಿಗೆ ಕಳಿಸುತ್ತೇನೆಂದು ಅರ್ಬಾಜನ ಫೋನಿಗೆ ಉದ್ದನೆಯ ಸಂದೇಶ ಹಾಕಿದ. ಅರ್ಬಾಜ ಎಲ್ಲರನ್ನೂ ಕೂಡಿಸಿ ಮದುವೆಯ ಕಾರ್ಡು ಓದುವವನ ಠೀವಿಯಲ್ಲಿ ಓದಿದ:

"ಮೊದಲೆರಡು ದಿನ, ಸುಂದರ ಹಿನ್ನೀರಿನಲ್ಲಿ ತೇಲುವ ಮನೆಯಲ್ಲಿ ವಾಸ."

ಮುಮ್ತಾಜ ಮುಂಗೈಯಿಂದ ಬೆವರು ಒರೆಸಿಕೊಂಡಳು. "ಏನಂದಿ?"

"ಹಿನ್ನೀರು ಅಮ್ಮಾ. ಅದರಾಗ ಮನಿ ಇರ್ತಾವ. ಅಲ್ಲೇ ಊಟ, ಅಲ್ಲೇ ನಿದ್ದಿ."

"ಹಿನ್ನೀರಾಗ ಮನಿ ನಂದೂ ಒಂದೈತಿ. ಅದನ್ನ ನೋಡಾಕ ಕೊಚ್ಚಿಗೆ ಯಾಕ ಹೋಗ್ಬೇಕು?"

ಚಮನಸಾಬ ಪಕ್ಕನೆ ನಕ್ಕುಬಿಟ್ಟ. ಹೆಂಡತಿಯ ಮುಖ ಕಂಡು ನಗೆಯನ್ನು ಕೆಮ್ಮು ಮಾಡಿ ನುಂಗಿದ.

"ಅಮ್ಮಾ, ಅದು ಬ್ಯಾರೆ ಹಿನ್ನೀರು" ಎಂದಳು ತಬಸುಮ.

"ಹಿನ್ನೀರಂದ್ರ ಹಿನ್ನೀರ. ಅದಕ್ಕೇನು ಅಲ್ಲಿ ಕೊಂಬು ಮೂಡಿರ್ತಾವ? ಸಮುದ್ರ ಯಾವಾಗ, ಅದನ್ನ ಓದು."

ಅರ್ಬಾಜ ಬೆರಳಿನಿಂದ ಕೆಳಗೆ ಕೆಳಗೆ ಸರಿಸುತ್ತ ಹೋದ. ದೊಡ್ಡ ದೊಡ್ಡ ಅಂಗಡಿಗಳು ಬಂದವು, ಮಸಾಲೆ ತೋಟ ಬಂತು, ಆನೆ ಬಂತು. ಕಡೆಗೆ ಮರಳಿ ರೈಲಿಗೆ ಹೊರಡುವ ದಿನ, ಸಂಜೆಗೆ, ಸಮಯ ಉಳಿದರೆ ಸಮುದ್ರ.

"ಉಳದ್ರ!" ಎಂದಳು ಮುಮ್ತಾಜ. ಎದ್ದು ಹೋಗಿ ನೀರೊಲೆಗೆ ಕಟ್ಟಿಗೆ ತುರುಕಿದಳು. ಆ ತುರುಕುವ ಸಪ್ಪಳ ಕೇಳಿ ಯಾರೂ ಹಿಂದೆ ಹೋಗಲಿಲ್ಲ.

ಮರುದಿನ ಬೀರೇಶನೇ ಬಂದ. ಪಾಪ, ತಿಳಿಹೇಳಲು ಬಂದ. ಚಹಾ ಕುಡಿದು ಕಣ್ಣು ಅರ್ಧ ಮುಚ್ಚಿ ಹೇಳಿದ: "ಯಕ್ಕಾ, ಹಿನ್ನೀರಂದ್ರ ಸ್ವರ್ಗ ಅನ್ರಿ. ಸುತ್ತಮುತ್ತ ಬರೇ ನೀರು. ಒಂದ ಸಪ್ಪಳಿಲ್ಲ. ನೋಡಿದವ್ರು ಕಣ್ಣಾಗ ನೀರು ತರ್ತಾರ."

"ನಾವೂ ತಂದೀವಪಾ. ನಿಮ್ಮೂರು ಹುನಗುಂದ ಅಲ್ಲಾ?"

"ಹೌದ್ರಿ."

"ಅದಕ್ಕ. ನಿಮ್ಮ ಮನಿ ಇದ್ದಲ್ಲೇ ಐತಿ. ಚಹಾ ಇನ್ನೊಂದೀಟು ಹಾಕ್ಲಿ?"

ಬೀರೇಶ ಚಹಾ ಬೇಡವೆಂದ. ಆನೆಯನ್ನು ತೆಗೆಯುತ್ತೇನೆ, ಮಸಾಲೆ ತೋಟ ತೆಗೆಯುತ್ತೇನೆ, ಆದರೆ ದೋಣಿಮನೆ ತೆಗೆದರೆ ಕೊಚ್ಚಿಗೆ ಹೋದದ್ದಕ್ಕೆ ಅರ್ಥವೇ ಇಲ್ಲ ಎಂದು ಅರ್ಬಾಜನ ಕಿವಿಯಲ್ಲಿ ಹೇಳಿ ಹೋದ.

ಅಲ್ಲಿಂದ ಮನೆಯವರ ಸಹಾಯ ಶುರುವಾಯಿತು. ಸಿಟ್ಟು ಬರುವುದು ಹಗೆಯವರ ಮೇಲಾದರೆ ಒಂದು ತೆರ. ಬೈದು ಹಗುರಾಗಬಹುದು. ತನ್ನವರೇ ಒಳ್ಳೆಯದಕ್ಕೆಂದು ತಲೆ ತಿನ್ನುವಾಗ ಯಾರನ್ನು ಬೈಯುವುದು? ತಬಸುಮ ಸಾಲೆಯಿಂದ ಬಂದವಳೇ ಸಂದೇಶವನ್ನು ತಿದ್ದಿ, ಹಿನ್ನೀರು ಎಂದಿದ್ದಲ್ಲೆಲ್ಲ ಕೆರೆ ಎಂದು ಬರೆದು, ಹೊಸದೆಂಬಂತೆ ಓದಿದಳು.

ಮುಮ್ತಾಜ ಕೇಳುವಷ್ಟು ಕೇಳಿದಳು. "ಮನ್ನಿ ಹಿನ್ನೀರಿತ್ತು, ಇವತ್ತ ಕೆರಿ ಆತು. ನಾಳೆ ಬಾವಿ ಆಗ್ತೈತೇನು? ಸಾಲ್ಯಾಗ ಹುಡುಗ್ರಿಗೂ ಹಿಂಗ ಕಲಿಸ್ತೀ ಏನವಾ?"

ತಬಸುಮ ನಾಲಿಗೆ ಕಚ್ಚಿಕೊಂಡಳು.

ಚಮನಸಾಬ ತನ್ನ ಪಾಲಿನ ಸಹಾಯ ಮಾಡಿದ. ಅಪರೂಪಕ್ಕೆ ಬಾಯಿ ತೆರೆದು, "ಇಷ್ಟೆಲ್ಲಾ ತ್ರಾಸ ಯಾಕ? ಹೋಗೂದ ಬಿಟ್ಟು ಮನಿಗೆ ಬಣ್ಣಾ ಹಚ್ಚಿದ್ರಾತು" ಎಂದ. ಆ ಹೊತ್ತಿಗೆ ಅವನ ಮುಂದಿನ ತಾಟಿನಲ್ಲಿ ರೊಟ್ಟಿ ಮಾತ್ರ ಇತ್ತು. ಪಲ್ಯ ಬರಲೇ ಇಲ್ಲ.

ಎಲ್ಲಕ್ಕೂ ಮಿಗಿಲಾದದ್ದು ಅರ್ಬಾಜನ ಸಹಾಯ. ಅಮ್ಮನಿಗೆ ನೀರಿನ ಅಂಜಿಕೆ ಇದೆ, ಅಂಜಿಕೆ ಬಿಡಿಸಬೇಕು ಎಂದು ಅವನು ತಾನೇ ತೀರ್ಮಾನ ಮಾಡಿದ. ದಸರೆ ಮುಗಿದಿತ್ತು. ಲಕ್ಷ್ಮಪ್ಪ ಒಲೆ ಒಡೆದು ಹೊಸದು ಕಟ್ಟತೊಡಗಿದ್ದ. ಮೊಣಕಾಲಿಗೆ ಎಣ್ಣೆ ಕೊಡಿಸುತ್ತೇನೆಂದು ಸುಳ್ಳು ಹೇಳಿ ಅರ್ಬಾಜ ತಾಯಿಯನ್ನು ಗಾಡಿಯ ಹಿಂದೆ ಕೂಡಿಸಿಕೊಂಡು ಹೊರಟ. ಎಣ್ಣೆಯ ಅಂಗಡಿ ದಾಟಿತು, ಪೇಟೆ ದಾಟಿತು, ಗಾಡಿ ಹಳೇ ಊರಿನ ನೀರಿನ ದಂಡೆಗೆ ಬಂದು ನಿಂತಿತು. ಮಳೆಗಾಲದ ನೀರು ತುಂಬಿಕೊಂಡು, ಜಾಲಿಯ ಮರಗಳ ನೆತ್ತಿಗಳಷ್ಟೇ ಹೊರಗಿದ್ದವು. ಮೀನು ಹಿಡಿಯುವ ಹನಮಂತಪ್ಪ ತನ್ನ ದೋಣಿಯನ್ನು ತೊಳೆದು, ತಾಡಪತ್ರಿ ಹಾಸಿ, ಕಾಯುತ್ತಿದ್ದ. ಅರ್ಬಾಜ ಮೊದಲೇ ಹೇಳಿಟ್ಟಿದ್ದನೆಂದು ಕಾಣುತ್ತದೆ.

"ಬರ್ರಿ ಬೇಗಂ, ಕುಂದರ್ರಿ. ಒಂದ ಸುತ್ತು ಹೊಡಸ್ತೇನಿ. ಅಂಜಬ್ಯಾಡ್ರಿ" ಎಂದ ಹನಮಂತಪ್ಪ.

"ನನಗ ಅಂಜಿಕಿ ಐತಿ ಅಂದವ್ರ್ಯಾರು?"

"ಹುಡುಗ ಹೇಳಿದ್ರಿ..."

"ಹನಮಂತಪ್ಪಾ, ಆ ಜಾಲಿ ಕಾಣತೈತಲ್ಲ, ಅದರ ಆಚಿ ಕಡೆ ಏನೈತಿ?"

ಹನಮಂತಪ್ಪ ಕೈಯಲ್ಲಿದ್ದ ಹುಟ್ಟನ್ನು ಕೆಳಗಿಟ್ಟ. ಅವನೂ ಹಳೇ ಊರಿನವನೇ. "ನಿಮ್ಮ ಓಣಿ ಬರ್ತೈತ್ರಿ" ಎಂದ ಮೆಲ್ಲಗೆ.

ಮುಮ್ತಾಜ ಮಗನ ಕಡೆ ಹೊರಳಿದಳು. "ಕೇಳಿದ್ಯಾ? ಕೆಳಗ ನನ್ನ ಅಡಿಗಿಮನಿ ಐತಿ. ನಿಮ್ಮಜ್ಜಿ ನಮಾಜ ಮಾಡೂ ಕಟ್ಟಿ ಐತಿ. ಅದರ ತಲಿ ಮ್ಯಾಲ ಕಾಲ ಇಳಿಬಿಟ್ಟು ಕುಂತು ಚುರುಮುರಿ ತಿನ್ಕೊಂತ ಹೋಗ್ಲೇನು? ಅಂಜಿಕಿ ಅಂತ! ನೀರಿಗೆ ಅಂಜೂವಾಕಿ ಆಗಿದ್ರ ಸಮುದ್ರ ಯಾಕ ಕೇಳ್ತಿದ್ದೆ? ಇಲ್ಲೀದು ನಿಂತ ನೀರು. ಮಂದಿ ಮನಿ ಮ್ಯಾಲ ನಿಂತೈತಿ. ಕೊಚ್ಚ್ಯಾಗೂ ಯಾರ ಮನಿ ಮ್ಯಾಲ ನಿಂತೈತೋ ನನಗೇನ ಗೊತ್ತು?"

"ಅಲ್ಲಿ ಹಂಗಿಲ್ಲಮ್ಮಾ, ಅಲ್ಲಿ ನೀರು ಮೊದಲಿಂದಾನ ಐತಿ..."

"ಇರ್ಲಿ. ಅವರಿಗೆ ಸ್ವರ್ಗ, ಸುಖದಿಂದ ಇರ್ಲಿ. ಆ ಹೆಸರು ತುಗೊಂಡು ನನಗ ನಿದ್ದಿ ಹತ್ತೂದಿಲ್ಲ. ಇಷ್ಟ ಮಾತು ತಿಳಿಯಾಕ ಎಷ್ಟ ದಿನಾ ಬೇಕಲೇ ನಿಮಗ?"

ಅರ್ಬಾಜನಿಗೆ ಆ ಮನೆಯ ನೆನಪಿಲ್ಲ. ಊರು ಬಿಡುವಾಗ ಅವನು ತೊಟ್ಟಿಲ ಕೂಸು. ಅವನು ಗಾಡಿಯ ಕನ್ನಡಿ ತಿರುಗಿಸುತ್ತ ನಿಂತ.

ಮುಮ್ತಾಜ ಅವನ ಗಾಡಿ ಹತ್ತಲಿಲ್ಲ. ಹಾದುಹೋಗುತ್ತಿದ್ದ ಆಟೋಕ್ಕೆ ಕೈಮಾಡಿ ನೇರ ಬಸ್‌ಸ್ಟ್ಯಾಂಡಿಗೆ ಹೋದಳು. ಟಿಕೆಟಿನ ಕಿಟಕಿಯೊಳಗೆ ಕುಳಿತವನಿಗೆ, "ಸಮುದ್ರಕ್ಕ ಹೋಗೂ ಬಸ್ ಯಾವ್ದ್ರಿ?" ಎಂದಳು.

ಅವನು ಕನ್ನಡಕದ ಮೇಲಿಂದ ನೋಡಿದ. "ಸಮುದ್ರ ಅಂದ್ರ? ಊರು ಹೇಳ್ರಿ."

"ಸಮುದ್ರ ಇದ್ದ ಊರು. ನಡುವ ಹಿನ್ನೀರು, ಆನಿ, ಮಸಾಲಿ ಏನೂ ಇರಬಾರ್ದು."

ಅವನು ನಕ್ಕು ಮಂಗಳೂರೆಂದ. ಬಸ್ಸು ಇಳಿದ ಮೇಲೆ ಯಾರನ್ನು ಕೇಳಿದರೂ ಸಮುದ್ರದ ದಾರಿ ತೋರಿಸುತ್ತಾರೆಂದ. ತನಗೆ ಮತ್ತು ಗಂಡನಿಗೆ ಟಿಕೆಟು ತೆಗೆದುಕೊಂಡು ಮನೆಗೆ ಬಂದ ಮುಮ್ತಾಜ ಟ್ರಂಕು ಎಳೆದು ಚಮನಸಾಬನ ಅಂಗಿ ಮಡಚಲು ಕುಂತಳು. ಚಮನಸಾಬ ಎಲ್ಲಿಗೆಂದು ಕೇಳಲಿಲ್ಲ. ಟೋಪಿ ಹುಡುಕತೊಡಗಿದ.

ಅರ್ಬಾಜನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಮಂಗಳೂರಿನಲ್ಲಿ ರೂಮು ನೋಡುತ್ತೇನೆಂದ. ಅಲ್ಲಿ ದೋಸ್ತನೊಬ್ಬನಿದ್ದಾನೆ, ಕಾರು ಕಳಿಸುತ್ತಾನೆಂದ. ಫೋನಿನಲ್ಲಿ ದಾರಿಯ ನಕ್ಷೆ ಹಾಕಿಕೊಡುತ್ತೇನೆಂದ. ಮುಮ್ತಾಜ ಅಂಗಿ ಮಡಚುತ್ತಲೇ ಇದ್ದಳು. ಕಡೆಗೆ ಟ್ರಂಕಿನ ಹಿಡಿಕೆಗೆ ಕೈಹಾಕಿ, "ಹೋಗ್ಲಿ, ಬಸ್‌ಸ್ಟ್ಯಾಂಡ್ ತನಕರ ಬಿಡ್ತೇನಿ ಅಮ್ಮಾ" ಎಂದ.

ಮುಮ್ತಾಜ ಅವನ ಕೈ ಸರಿಸಿದಳು.

"ಬ್ಯಾಡಪಾ ರಾಜಾ. ಎಣ್ಣಿ ಕೊಡಸ್ತೇನಂತ ದಂಡಿಗೆ ಒಯ್ದಿ. ಬಸ್‌ಸ್ಟ್ಯಾಂಡಿಗೆ ಅಂತ ಹೊಂಟು ಇನ್ನೆಲ್ಲಿ ಇಳಸ್ತೀಯೋ. ನಾವ ಹೋಗ್ತೇವಿ. ನೀ ಇಲ್ಲೇ ಇದ್ದು ಲಕ್ಷ್ಮಪ್ಪನ ಒಲಿ ನೋಡ್ಕೊ, ಅದಕ್ಕರ ಏನೂ ಸಹಾಯ ಮಾಡಬ್ಯಾಡ."