ಹುಲ್ಲಿನಲ್ಲಿ ಹಣ್ಣಾದ ಬೋರ್ಡೋ

ಕೊರಳಲ್ಲಿ ಲಿಂಗವಿರುವ ವಕೀಲನೊಬ್ಬ ಫ್ರಾನ್ಸಿನ ದ್ರಾಕ್ಷಾರಸದ ಬಗ್ಗೆ ಬರೆಯಹೊರಟರೆ ಓದುವವರು ಮೊದಲು ಅವನ ಹೆಂಡತಿಯ ಕಡೆ ನೋಡುತ್ತಾರೆ. ನೋಡಬೇಡಿ. ನಮ್ಮ ಮನೆಯಲ್ಲಿ ಅದಕ್ಕೆ ಔಷಧವೆಂದು ಹೆಸರು, ನಾನು ಕಾಯಿಲೆಯವನೆಂದು ಲೆಕ್ಕ. ವಾರಕ್ಕೊಮ್ಮೆ ಕಾಯಿಲೆ ಬೀಳುವವನ ಮುಖದಲ್ಲಿ ಇಷ್ಟು ಕಳೆ ಹೇಗೆ ಎಂದು ಅವಳು ಈವರೆಗೆ ಕೇಳಿಲ್ಲ. ಅದು ಅವಳ ದೊಡ್ಡತನ.

ಈ ಕಾಯಿಲೆ ಹಚ್ಚಿದವರು ಡಾಕ್ಟರ್ ವಸಂತರಾಯರು. ಧಾರವಾಡದ ಕಡೆಯವರು. ವಿಲಾಯತಿಯಲ್ಲಿ ಓದಿ, ನಿಜಾಮ ಸರ್ಕಾರದ ನೌಕರಿ ಹಿಡಿದು ಕಲಬುರಗಿಯ ದವಾಖಾನೆಗೆ ಬಂದವರು. ಬೋರ್ಡೋ ಸೀಮೆಯ ಕೆಂಪು ವೈನು ಬಿಟ್ಟರೆ ಬೇರೆ ಯಾವುದನ್ನೂ ಅವರು ಮೂಸಿಯೂ ನೋಡುವವರಲ್ಲ. ಅದರಲ್ಲೂ ದೊಡ್ಡ ಮನೆತನದ ಬಾಟಲಿಯೇ ಆಗಬೇಕು, ಮೇಲಿನ ಚೀಟಿಯಲ್ಲಿ ಅರಮನೆಯ ಚಿತ್ರವಿರಬೇಕು. ನನ್ನ ಕಕ್ಷಿದಾರರೋ ಫೀಸಿನ ಬದಲು ತೊಗರಿಬೇಳೆ ತಂದು ಸುರಿಯುವವರು. ತೊಗರಿಬೇಳೆಯಿಂದ ಅರಮನೆ ಕೊಳ್ಳುವುದು ಆಗದ ಮಾತು.

ಹೀಗಾಗಿ ನಾನು ಹೆಸರಿಲ್ಲದ್ದನ್ನು ಹುಡುಕತೊಡಗಿದೆ. ಸ್ಟೇಶನ್ ಬಜಾರದ ಪಾರ್ಸಿ ಸೇಠರ ಅಂಗಡಿಯಲ್ಲಿ ಮುಂಬಯಿಯಿಂದ ಬಂದ ಪೆಟ್ಟಿಗೆ ಒಡೆಯುವ ದಿನ ಕೋರ್ಟಿನಿಂದ ನೆಟ್ಟಗೆ ಅಲ್ಲಿಗೇ ನನ್ನ ಸವಾರಿ. ಹುಡುಗನಾಗಿದ್ದಾಗ ಬೈದುಕೊಂಡು ಕಲಿತ ಭೂಗೋಳ ಈಗ ಉಪಯೋಗಕ್ಕೆ ಬಂತು. ಬೋರ್ಡೋ ಸೀಮೆಯಲ್ಲಿ ಒಂದು ದೊಡ್ಡ ನದಿಯಿದೆ. ಅದರ ಎಡದಂಡೆಯಲ್ಲಿ ಮೆದೋಕ್; ಶ್ರೀಮಂತರ ತೋಟಗಳೆಲ್ಲ ಅಲ್ಲಿ. ಬಲದಂಡೆಯಲ್ಲಿ ಬೂರ್ಗ್, ಬ್ಲಾಯ್ ಎಂಬ ಸಾಧಾರಣ ಊರುಗಳು. ನೀರು ಅದೇ, ಬಿಸಿಲು ಅದೇ, ದ್ರಾಕ್ಷಿಯೂ ಹೆಚ್ಚುಕಡಿಮೆ ಅದೇ. ಹೆಸರೊಂದು ಮಾತ್ರ ಹೊಳೆ ದಾಟಿ ಈಚೆಗೆ ಬಂದಿಲ್ಲ. ನಮ್ಮ ಕೋಟೆಯಲ್ಲಿದ್ದು ಆಳಿದ ಬಹಮನಿ ದೊರೆಗಳು ಪರ್ಶಿಯಾದ ಶಿರಾಜಿನಿಂದ ಮದಿರೆ ತರಿಸುತ್ತಿದ್ದರಂತೆ. ಅದರ ಪಕ್ಕದ ಊರಿನದು ಅಗ್ಗ, ರುಚಿಗೆ ಕಡಿಮೆಯಿಲ್ಲ ಎಂದು ಅವರಿಗೂ ಯಾವನೋ ವಕೀಲ ಹೇಳಿರಲೇಬೇಕು. ಅವನ ತಲೆ ಉಳಿಯಿತೋ ಇಲ್ಲವೋ ತಿಳಿಯದು.

ನನ್ನ ತಲೆಯನ್ನಂತೂ ಡಾಕ್ಟರು ಉಳಿಸುತ್ತಿರಲಿಲ್ಲ. ನಾನು ಕುಣಿಯುತ್ತ ಒಯ್ದ ಬಾಟಲಿಯಿಂದ ಒಂದು ಗುಟುಕು ಕುಡಿದು ಗ್ಲಾಸು ಆಚೆ ಸರಿಸುತ್ತಿದ್ದರು. "ವಕೀಲರ, ಹೊಳಿ ದಂಡಿ ತಪ್ಪೀರಿ. ನಾಲಿಗಿ ಒಗರ ಒಗರ ಆಗ್ಲಿಕತ್ತದ" ಎಂಬುದು ಅವರ ಖಾಯಂ ತೀರ್ಪು. ಅದರ ಮೇಲೆ ಅಪೀಲಿಗೆ ಅವಕಾಶವಿಲ್ಲ. ಆದರೂ ಬೂರ್ಗಿನ ಒಂದು ತೋಟದ ಬಾಟಲಿಯ ಮೇಲೆ ನನಗೆ ಬಲವಾದ ನಂಬಿಕೆ ಹುಟ್ಟಿತ್ತು.

ಅಷ್ಟರಲ್ಲಿ ಅವರಿಗೆ ಹೈದರಾಬಾದಿಗೆ ವರ್ಗವಾಯಿತು. ನನಗೆ ನಿಜವಾಗಿಯೂ ಸಂಕಟವಾಯಿತು. ಇಡೀ ಊರಿನಲ್ಲಿ ನನ್ನೊಡನೆ ಕುಡಿದು ಜಗಳವಾಡಲು ಇದ್ದದ್ದು ಅವರೊಬ್ಬರೇ. ಹೋಗುವ ಮೊದಲು ಒಂದು ಸಲವಾದರೂ ಅವರ ಬಾಯಲ್ಲಿ "ಛಲೋ ಅದ" ಅನ್ನಿಸಬೇಕೆಂದು ಹಟ ಹಿಡಿದೆ. ಕಮಲಾಪುರದಲ್ಲಿ ನನ್ನ ಮಾವ ಶಿವಲಿಂಗಪ್ಪನವರ ಬಾಳೆಯ ತೋಟವಿದೆ. ಅಲ್ಲಿ ಊಟಕ್ಕೆ ಕರೆದೆ. ಮನೆಯಲ್ಲಿ ಎರಡೆರಡು ಔಷಧದ ಬಾಟಲಿ ಕಂಡರೆ ಹೆಂಡತಿಯ ದೊಡ್ಡತನಕ್ಕೂ ಭಾರವಾದೀತೆಂದು, ಬೂರ್ಗಿನ ಬಾಟಲಿಯನ್ನು ವಾರ ಮೊದಲೇ ಮಾವನವರ ಕೈಗೆ ಕೊಟ್ಟು, "ಡಾಕ್ಟರ ಔಷಧರೀ, ದ್ರಾಕ್ಷಿದು. ಜೋಪಾನ ಮಾಡ್ರಿ" ಎಂದು ಹೇಳಿ ಬಂದೆ.

ಆಗಿನ ಬಾಟಲಿಗಳು ಹಡಗಿನಲ್ಲಿ ಒಡೆಯದಿರಲೆಂದು ಹುಲ್ಲಿನ ಅಂಗಿ ತೊಟ್ಟುಕೊಂಡೇ ಬರುತ್ತಿದ್ದವು. ಇದು ನನಗೆ ಗೊತ್ತು, ಪಾರ್ಸಿ ಸೇಠರಿಗೆ ಗೊತ್ತು. ಜೀವಮಾನವೆಲ್ಲ ಬಾಳೆಯ ಗೊನೆಗಳನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣು ಮಾಡಿದ ಮಾವನವರಿಗೆ ಹೇಗೆ ಗೊತ್ತಿರಬೇಕು?

ಊಟದ ದಿನ ಡಾಕ್ಟರು ಬಾವಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದಾಗ ಮಾವ ನನ್ನನ್ನು ಬದಿಗೆ ಕರೆದರು. ಮುಖ ಸಣ್ಣದಾಗಿತ್ತು.

"ಅಳಿಯಂದ್ರ, ನಿಮ್ಮ ಔಷಧ ಹಣ್ಣಾಗವಲ್ದು ನೋಡ್ರಿ. ಹುಲ್ಲ ಸುತ್ತಿ ಕೊಟ್ಟಿದ್ರಿ, ಹಣ್ಣ ಮಾಡ್ಲಿಕ್ಕೇ ಅಂತ ಬಾಳಿ ಕ್ವಾಣ್ಯಾಗ ಇಟ್ಟಿದ್ದೆ. ಗೊನಿ ಎಲ್ಲಾ ಬಣ್ಣ ತಿರಗ್ಯಾವ, ಇದೊಂದು ಇನ್ನಾ ಹಸರೇ ಅದ."

ಬಾಟಲಿಯ ಗಾಜೇ ಹಸಿರು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮುಂದುವರಿಸಿದರು: "ಮುಂಜಾನಿ ಬೂಚ ತಗದು ಮೂಸಿದೆ. ಹುಳಿ ವಾಸನಿ. ಪಕ್ಕಾ ಕಾಯಿ. ಒಳಗ ಗಾಳಿ ಹೋಗ್ಲಿ ಅಂತ ಬಾಯಿಗಿ ತೆಳ್ಳನ ಅರಬಿ ತುಂಡ ಕಟ್ಟಿ ಬಿಟ್ಟೀನಿ."

ನನ್ನ ಜೀವ ಅಲ್ಲೇ ಅರ್ಧ ಹೋಯಿತು. ಬೆಳಗಿನಿಂದ ಬಾಯಿ ತೆರೆದು ಕೂತು ಕೆಟ್ಟೇ ಹೋಗಿರಬೇಕಾದ ಬಾಟಲಿ, ನಾಳೆ ಹೊರಡುವ ಗೆಳೆಯ, ಬೇರೆ ಬಾಟಲಿಯಿಲ್ಲ. ಮಾವನವರ ಮೇಲೆ ಸಿಟ್ಟು ಮಾಡೋಣವೆಂದರೆ ಅವರು ಆ ಬಾಟಲಿಯನ್ನು ನೋಡಿಕೊಂಡಷ್ಟು ಅಕ್ಕರೆಯಿಂದ ನಾನು ನನ್ನ ಕಾನೂನು ಪುಸ್ತಕಗಳನ್ನೂ ನೋಡಿಕೊಂಡಿಲ್ಲ. ಆದದ್ದಾಗಲೆಂದು ಬಿಸಿ ರೊಟ್ಟಿ, ಎಣ್ಣೆಗಾಯಿಯ ಪಕ್ಕದಲ್ಲಿ ಗ್ಲಾಸು ಇಟ್ಟು, ಕಣ್ಣು ಮಾತ್ರ ತಟ್ಟೆಯಲ್ಲಿ ನೆಟ್ಟು ಕೂತೆ.

ಡಾಕ್ಟರು ಒಂದು ಗುಟುಕು ಕುಡಿದರು. ಗ್ಲಾಸು ಆಚೆ ಸರಿಯಲಿಲ್ಲ. ಇನ್ನೊಂದು ಗುಟುಕು ಕುಡಿದರು.

"ಒಗರ ಎಲ್ಲಿ ಹೋತರೀ?" ಎಂದು ಕೇಳಿದರು. ಮೂರನೆಯ ಗುಟುಕು ಕುಡಿದು, "ಛಲೋ ಅದರೀ ವಕೀಲರ, ಭಾಳ ಛಲೋ ಅದ. ಯಾವ ತ್ವಾಟದ್ದು?"

ನನಗೆ ಹಾರಿ ಹಾಡಬೇಕೆನಿಸಿತು. ಅದೇ ಗಳಿಗೆಯಲ್ಲಿ ಒಳಗಿನ ಜಿಪುಣ ನನ್ನ ನಾಲಿಗೆ ಹಿಡಿದ. ಹೆಸರು ಹೇಳಿದರೆ ನಾಳೆ ಹೈದರಾಬಾದಿನ ದೊಡ್ಡವರೆಲ್ಲ ತರಿಸುತ್ತಾರೆ, ಆಮೇಲೆ ಅದು ನನ್ನ ತೊಗರಿಬೇಳೆಗೆ ಎಟುಕುವುದಿಲ್ಲ. ಒಳ್ಳೆಯ ಪದಾರ್ಥ ಅಗ್ಗವಾಗಿ ಉಳಿಯಬೇಕಾದರೆ ಕಂಡುಹಿಡಿದವನು ಬಾಯಿ ಮುಚ್ಚಿಕೊಂಡಿರಬೇಕು. ಬಾಯಿ ಮುಚ್ಚಿಕೊಂಡರೆ ಕಂಡುಹಿಡಿದ ಸುಖವೇನು ಬಂತು? ಹೇಳಿಬಿಟ್ಟೆ. ಅವರು ಖಾಲಿ ಬಾಟಲಿಯನ್ನೂ ಕೇಳಿ ಪಡೆದು ಟಾಂಗಾ ಹತ್ತಿದರು.

ಆಮೇಲೆ ಪ್ರತಿ ಪೆಟ್ಟಿಗೆ ಒಡೆಯುವಾಗಲೂ ಧಾರಣೆ ಏರಿತೇನೋ ಎಂದು ಎದೆ ಹಿಡಿದುಕೊಂಡು ಹೋಗುತ್ತಿದ್ದೆ. ಏರಲಿಲ್ಲ. ನಾನು ಕೊಂಡು ಬರುತ್ತಿದ್ದೆ, ಒಬ್ಬನೇ ಕುಡಿಯುತ್ತಿದ್ದೆ. ಒಬ್ಬನೇ ಕುಡಿದರೆ ಅದು ನಿಜಕ್ಕೂ ಔಷಧದಂತೆಯೇ ಇತ್ತು.

ಮೊನ್ನೆ ಡಾಕ್ಟರು ರಜೆಯ ಮೇಲೆ ಮುಂಬಯಿಗೆ ಹೋಗುವಾಗ ಅವರ ಗಾಡಿ ಕಲಬುರಗಿಯಲ್ಲಿ ನಿಲ್ಲುವುದೆಂದು ತಿಳಿದು ಸ್ಟೇಶನ್ನಿಗೆ ಹೋದೆ. ಕಿಟಕಿಯಿಂದಲೇ ಜಗಳ ಶುರು ಮಾಡಿದರು.

"ಏನ್ ಮೋಸಾ ಮಾಡೀರಿ ವಕೀಲರ. ಅದೇ ಹೆಸರು, ಅದೇ ಚೀಟಿ, ಪೆಟ್ಟಿಗಿಗಟ್ಲೆ ತರಿಸಿದೆ. ದೋಸ್ತರ ಮುಂದ ಬೂಚ ತಗದು ಹಾಕಿದ್ರ ಮತ್ತದೇ ಒಗರ. ಎಲ್ಲಾರೂ ನಕ್ಕರ್ರೀ."

ನನಗೂ ನಗು ತಡೆಯಲಾಗಲಿಲ್ಲ. ಎಳೆಯ ವೈನಿಗೆ ಅರ್ಧ ದಿನ ಗಾಳಿ ಕುಡಿಸಿದರೆ ಒಗರು ಇಳಿಯುತ್ತದೆಂದು ಆಮೇಲೆ ಪಾರ್ಸಿ ಸೇಠರು ನನಗೆ ವಿವರಿಸಿದ್ದರು. ಡಾಕ್ಟರಿಗೆ ನಾನು ತೋಟದ ಹೆಸರು ಹೇಳಿದ್ದೆ, ಮಾವನವರ ವಿಷಯ ಹೇಳಿರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಬಾಳೆಯ ಕೋಣೆಯ ಕಥೆಯನ್ನೆಲ್ಲ ಹೇಳಿದೆ.

"ಪೆಟ್ಟಿಗ್ಯಾಗ ಉಳದಾವೇನ್ರೀ?" ಎಂದು ಕೇಳಿದೆ.

"ಎರಡು ನನ್ನ ಜೋಡಿನೇ ಅವ."

ಗಾಡಿ ಸಿಳ್ಳೆ ಹಾಕಿತು. ಡಾಕ್ಟರು ಗಾರ್ಡಿನ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. "ಮುಂಬಯಿಗಿ ನಾಳಿಗೂ ಗಾಡಿ ಅದ" ಎಂದವರೇ ಬಾಟಲಿಗಳಿದ್ದ ಟ್ರಂಕನ್ನು ಕಿಟಕಿಯಿಂದ ನನ್ನ ತೋಳಿಗೆ ದಾಟಿಸಿದರು.