ಅಮ್ಮ ಒಡೆದ ಕುಂಬಳಕಾಯಿ

ತಂಗಿ ಸರೋಜಾ, ನಿನ್ನ ಮಂಡಿನೋವು ಹೇಗಿದೆ? ರಂಗಣ್ಣ ಭಾವನವರ ಕೆಮ್ಮು ಇಳಿಯಿತೆ?

ಇವತ್ತು ಸೊಸೆ ವಿಜಯನಗರ ಮಾರ್ಕೆಟ್ಟಿನಿಂದ ಬಟರ್‌ನಟ್ ಕುಂಬಳಕಾಯಿ ತಂದು, "ಅತ್ತೆ, ಒಡೆಯೋಕೆ ಇವರನ್ನ ಕರೀಲಾ?" ಎಂದಳು. ನನಗೆ ಅಪ್ಪ ಕಣ್ಣ ಮುಂದೆ ನಿಂತರು.

ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸೇ ಹಾಕಬೇಕೆಂಬುದು ನಮ್ಮ ಮನೆಯ ಪದ್ಧತಿ. ಅಪ್ಪ ಮಚ್ಚಿನಿಂದ ಒಡೆದುಕೊಡುತ್ತಿದ್ದರು. ಹುಳಿಗೆ ಉಪ್ಪು ಹೆಚ್ಚಾದರೆ ಅದೇ ಮಚ್ಚಿನ ಹಿಡಿಯಿಂದ ಅಮ್ಮನಿಗೆ ಬಾರಿಸುತ್ತಿದ್ದರು. ಒಂದು ದಿನ, ಕಾಯಿ ಒಡೆಯಲು ಕರೆಯಹೋದ ನಿನ್ನ ಮೇಲೆಯೇ ಮಚ್ಚು ಎತ್ತಿದರು. ಅಮ್ಮ ಅದರ ಅಲಗನ್ನೇ ಹಿಡಿದು ಕಿತ್ತುಕೊಂಡು ಒಂದೇ ಏಟಿಗೆ ಕಾಯಿಯನ್ನು ಸೀಳಿದಳು. ಅವಳ ಅಂಗೈಯ ರಕ್ತ ಬೀಜಗಳ ಮೇಲೆ ತೊಟ್ಟಿಕ್ಕುತ್ತಿತ್ತು.

"ಇನ್ಮೇಲೆ ನಾನೇ ಒಡ್ಕೋತೀನಿ. ನನ್ನ ಮಗು ತಂಟೆಗೆ ಬಂದು ನೋಡಿ!"

ಅಪ್ಪ ಹಿಂದೆ ಸರಿದರು.

"ಯಾರೂ ಬೇಡ ಕಣೇ, ನೀನೇ ಒಡಿ" ಎಂದೆ ಸೊಸೆಗೆ. ಹುಳಿ ಕುದಿಯುತ್ತಿದೆ. ಅವತ್ತಿನದು ನಿನಗೂ ನೆನಪಿದೆಯೇ? ಬೇಗ ಬರೆ.